ಮನೆಗೆ ಬಂದ ತಮ್ಮ: ತಲೆಪೆಟ್ಟಿನ ಆರೈಕೆಯ ಪ್ರಶ್ನೋತ್ತರ

ರಸ್ತೆ ಅಪಘಾತದಲ್ಲೋ ಮಹಡಿಯಿಂದ ಬಿದ್ದೋ ತಲೆಗೆ ಜೋರು ಪೆಟ್ಟಾದವರ ಅಕ್ಕ, ಅಣ್ಣ, ತಂಗಿ, ತಮ್ಮಂದಿರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಅಪ್ಪ ಅಮ್ಮನಿಗೆ ವಯಸ್ಸಾಗಿರುತ್ತದೆ, ಹೆಂಡತಿಯ ಕಂಕುಳಲ್ಲಿ ಕೂಸಿರುತ್ತದೆ. ಆಸ್ಪತ್ರೆಯ ಫೈಲು ಹಿಡಿದು ಓಡಾಡುವವರು ಎಷ್ಟೋ ಸಲ ಒಡಹುಟ್ಟಿದವರೇ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರು ಊರು ಬಿಟ್ಟಿದ್ದೇವೆ. ಮಾತ್ರೆಯ ಮಾತು ಎಲ್ಲಿ ಬಂದರೂ, ಬದಲಾವಣೆ ಮಾಡಬೇಕಾದವರು ನಿಮ್ಮ ಡಾಕ್ಟರು.

ಪ್ರಶ್ನೆ: ತಮ್ಮನಿಗೆ 23 ವರ್ಷ. ಬೈಕಿನಿಂದ ಬಿದ್ದು ಐದು ವಾರ ಆಯಿತು. ಕಣ್ಣು ಬಿಡುತ್ತಾನೆ, ಎಲ್ಲೋ ನೋಡುತ್ತಾನೆ. ಕೈ ಹಿಡಿದರೆ ಗಟ್ಟಿಯಾಗಿ ಅಮುಕುತ್ತಾನೆ. ‘ಗುರುತು ಸಿಕ್ಕಿದೆ’ ಅಂತ ಅಮ್ಮ, ‘ಅದು ರಿಫ್ಲೆಕ್ಸ್ ಅಷ್ಟೆ’ ಅಂತ ಡಾಕ್ಟರು. ಫೈಲಿನಲ್ಲಿ ‘ಇ4 ವಿಟಿ ಎಂ5’ ಎಂದಿದೆ. ಯಾರ ಮಾತು ನಂಬಲಿ?

ಮೊದಲು ಫೈಲಿನ ಬರಹ. ಅದು ಗ್ಲಾಸ್ಗೋ ಕೋಮಾ ಸ್ಕೇಲ್, 1974ರಿಂದ ಬಳಕೆಯಲ್ಲಿರುವ ಅಳತೆ. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಕನಿಷ್ಠ ಅಂಕ 3. ಪೆಟ್ಟಾದ ಆರಂಭದಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ನಿಮ್ಮ ತಮ್ಮ ತಾನಾಗಿಯೇ ಕಣ್ಣು ಬಿಡುತ್ತಾನೆ (ಇ4). ಗಂಟಲಲ್ಲಿ ಟ್ಯೂಬ್ ಇರುವುದರಿಂದ ಮಾತು ಅಳೆಯಲು ಬರುವುದಿಲ್ಲ (ವಿಟಿ). ನೋವು ಕೊಟ್ಟ ಜಾಗದತ್ತ ಕೈ ತರುತ್ತಾನೆ (ಎಂ5). ಹೇಳಿದ್ದನ್ನು ಕೇಳಿ ಮಾಡಿದರೆ ಅದು ಎಂ6. ನಿಮ್ಮ ಮನೆಯ ಜಗಳ ನಡೆದಿರುವುದು ಈ ಐದಕ್ಕೂ ಆರಕ್ಕೂ ನಡುವೆ.

ಅಂಗೈಗೆ ಏನಾದರೂ ತಗುಲಿದರೆ ಬೆರಳು ಮುಚ್ಚಿಕೊಳ್ಳುವುದು ಹಸುಗೂಸಿಗೂ ಇರುವ ಗುಣ. ಮೆದುಳಿಗೆ ಪೆಟ್ಟಾದಾಗ ಅದು ಮರಳಿ ಬರುತ್ತದೆ. ಹಾಗಾಗಿ ‘ಕೈ ಅಮುಕು’ ಅನ್ನುವುದು ಪರೀಕ್ಷೆಯೇ ಅಲ್ಲ. ‘ಕೈ ಬಿಡು’ ಅಂದಾಗ ಬಿಟ್ಟರೆ ಅದಕ್ಕೆ ಬೆಲೆ. ಇನ್ನೂ ಒಳ್ಳೆಯದು, ಮುಟ್ಟದೆ ಕೇಳುವುದು: ‘ಹೆಬ್ಬೆರಳು ಎತ್ತು’, ‘ನಾಲಿಗೆ ಹೊರಗೆ ಹಾಕು’. ‘ಕಣ್ಣು ಮುಚ್ಚು’ ಬೇಡ, ರೆಪ್ಪೆ ಹೇಗೂ ಬಡಿಯುತ್ತಿರುತ್ತದೆ.

ಮಾಡುವ ಕ್ರಮ ಹೀಗೆ. ಟಿ.ವಿ. ಆರಿಸಿ, ಕೋಣೆಯಲ್ಲಿ ಒಬ್ಬರೇ ಇರಿ, ತಲೆಯ ಭಾಗ ಎತ್ತಿ ಕೂರಿಸಿ. ಮೊದಲ ಒಂದು ನಿಮಿಷ ಏನೂ ಹೇಳದೆ ಸುಮ್ಮನೆ ನೋಡಿ, ಹೆಬ್ಬೆರಳು ತಾನಾಗಿಯೇ ಎಷ್ಟು ಸಲ ಆಡುತ್ತದೆ ಎಂದು ಎಣಿಸಿ. ಆಮೇಲೆ ಒಂದೇ ಮಾತು ಹೇಳಿ, 10–15 ಸೆಕೆಂಡ್ ಕಾಯಿರಿ. ಅವಸರದಲ್ಲಿ ಮೂರು ಸಲ ಕೂಗಿದರೆ ಯಾವುದಕ್ಕೆ ಉತ್ತರ ಬಂತೆಂದು ಗೊತ್ತಾಗದು. ಹೀಗೆ ನಾಲ್ಕು ಸಲ. ನಾಲ್ಕರಲ್ಲಿ ಮೂರು ಸಲ ಮಾಡಿದರೆ ಮೊಬೈಲಿನಲ್ಲಿ ವಿಡಿಯೊ ಹಿಡಿದು ಡಾಕ್ಟರಿಗೆ ತೋರಿಸಿ. ಇನ್ನೊಂದು ಪರೀಕ್ಷೆ ಕನ್ನಡಿಯದು: ಅದನ್ನು ಮುಖದ ಮುಂದೆ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಹಿಡಿದು ನಿಧಾನವಾಗಿ ಎಡಕ್ಕೆ, ಬಲಕ್ಕೆ ಸರಿಸಿ. ಬೇರೆ ವಸ್ತುವನ್ನು ಹಿಂಬಾಲಿಸದ ಕಣ್ಣು ತನ್ನದೇ ಮುಖವನ್ನು ಹಿಂಬಾಲಿಸುವುದುಂಟು. ರೌಂಡ್ಸಿನ ಎರಡು ನಿಮಿಷದಲ್ಲಿ ಕಾಣದ್ದು ದಿನವಿಡೀ ಪಕ್ಕದಲ್ಲಿ ಕೂತವರಿಗೆ ಕಾಣುತ್ತದೆ, ಏಕೆಂದರೆ ಈ ಹಂತದಲ್ಲಿ ಎಚ್ಚರ ಏರಿಳಿಯುತ್ತಲೇ ಇರುತ್ತದೆ. ನಿಮ್ಮ ಅಮ್ಮ ತಪ್ಪೆಂದು ಈಗಲೇ ಹೇಳಲಾಗದು, ಆದರೆ ಅವರು ಕೊಟ್ಟ ಸಾಕ್ಷಿ ಸಾಲದು.

ಕಿವಿಗೆ ಇಯರ್‌ಫೋನ್ ಹಾಕಿ ಇಡೀ ದಿನ ಹಾಡು ಕೇಳಿಸುವುದು ಬೇಡ. ಮನೆಯವರ ದನಿ 10–15 ನಿಮಿಷ, ಆಮೇಲೆ ಅಷ್ಟೇ ಹೊತ್ತಿನ ಮೌನ. ಡಾಕ್ಟರನ್ನು ಒಂದು ಮಾತು ಕೇಳಿ: ಅಮಂಟಡಿನ್ ಕೊಡಬಹುದೇ? ಪೆಟ್ಟಾಗಿ 4ರಿಂದ 16 ವಾರದೊಳಗಿನವರಲ್ಲಿ ಅದು ಚೇತರಿಕೆಯ ವೇಗ ಹೆಚ್ಚಿಸುತ್ತದೆಂದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಫಿಟ್ಸ್ ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಯೋಚಿಸಿ ಕೊಡಬೇಕಾದ ಔಷಧವದು.

ಪ್ರಶ್ನೆ: ಅಣ್ಣನನ್ನು ಮುಂದಿನ ವಾರ ಡಿಸ್ಚಾರ್ಜ್ ಮಾಡುತ್ತಾರಂತೆ. ಗಂಟಲಿನ ಟ್ಯೂಬ್ ತೆಗೆದಿದ್ದಾರೆ, ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ರೈಲ್ಸ್ ಟ್ಯೂಬ್ ಇದೆ. ತಾನಾಗಿ ಮಗ್ಗುಲಾಗುವುದಿಲ್ಲ. ತೂಕ ಸುಮಾರು 60 ಕೆ.ಜಿ. ಮನೆಯಲ್ಲಿ ನಾನು, ಅತ್ತಿಗೆ, ಅಮ್ಮ. ಏನೇನು ಸಿದ್ಧ ಮಾಡಿಕೊಳ್ಳಬೇಕು?

ಮನೆಗೆ ಬಂದ ಮೊದಲ ತಿಂಗಳಲ್ಲಿ ಹೆಚ್ಚಿನವರು ಮತ್ತೆ ಆಸ್ಪತ್ರೆ ಸೇರುವುದು ಮೆದುಳಿನ ಕಾರಣಕ್ಕಲ್ಲ. ಎದೆಯ ಸೋಂಕು, ಮೂತ್ರದ ಸೋಂಕು, ಹಾಸಿಗೆ ಹುಣ್ಣು ಇವೇ ಮುಖ್ಯ ಕಾರಣ. ಮೂರನ್ನೂ ತಡೆಯುವ ಕೆಲಸ ಮನೆಯಲ್ಲೇ ಆಗಬೇಕು. ಡಿಸ್ಚಾರ್ಜಿಗೆ ಮೊದಲು ಮೂರು ದಿನ ವಾರ್ಡಿನಲ್ಲಿ ನರ್ಸ್ ಎದುರು ನೀವೇ ಎಲ್ಲವನ್ನೂ ಮಾಡಿ. ನೋಡಿದ್ದು ಮರೆಯುತ್ತದೆ, ಮಾಡಿದ್ದು ಉಳಿಯುತ್ತದೆ.

ಹಾಸಿಗೆ: ತಲೆಯ ಭಾಗ ಎತ್ತುವ ಮಂಚ ಬಾಡಿಗೆಗೆ ಸಿಗುತ್ತದೆ. ಮೇಲೆ ಏರ್‌ಬೆಡ್. ಸೊಂಟದ ನೇರಕ್ಕೆ ಏರ್‌ಬೆಡ್ಡಿನ ಅಡಿ ಅಂಗೈ ಮೇಲಾಗಿ ತೂರಿಸಿ ನೋಡಿ. ಕೈಗೆ ಮೂಳೆ ತಾಕಿದರೆ ಗಾಳಿ ಸಾಲದು, ಕನಿಷ್ಠ ಒಂದು ಇಂಚು ಗಾಳಿ ನಡುವೆ ಇರಬೇಕು. ಕರೆಂಟ್ ಹೋದರೆ ಗಾಳಿ ಇಳಿಯುತ್ತದೆ. ಪಂಪು ಎಳೆಯುವುದು ಕೆಲವೇ ವ್ಯಾಟ್, ಮನೆಯ ಯುಪಿಎಸ್‌ಗೆ ಅದನ್ನು ಸೇರಿಸಿಬಿಡಿ. ಏರ್‌ಬೆಡ್ ಇದೆಯಲ್ಲ ಎಂದು ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ.

ಎರಡು ಗಂಟೆಗೊಮ್ಮೆ ಎಡ, ಬೆನ್ನು, ಬಲ. ಪೂರ್ತಿ ಮಗ್ಗುಲು ಬೇಡ, ಬೆನ್ನಿನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಓರೆ ಸಾಕು. ಪೂರ್ತಿ ಮಗ್ಗುಲಾದರೆ ತೊಡೆಯ ಮೂಳೆಯ ಗುಬುಟಿನ ಮೇಲೆ ಭಾರವೆಲ್ಲ ಬೀಳುತ್ತದೆ. ಮೀನಖಂಡದಡಿ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಸ್ನಾನ ಮಾಡಿಸುವಾಗ ಟಾರ್ಚ್ ಹಿಡಿದು ನೋಡಬೇಕಾದ ಜಾಗಗಳು: ಬಾಲದ ಮೂಳೆ, ಹಿಮ್ಮಡಿ, ಸೊಂಟದ ಎರಡು ಬದಿ, ಭುಜದ ಹಿಂಭಾಗ, ತಲೆಯ ಹಿಂಭಾಗ, ಕಿವಿ. ಬಿಳಿ ಚರ್ಮದಲ್ಲಿ ಕಾಣುವ ಕೆಂಪು ನಮ್ಮ ಮೈಬಣ್ಣದಲ್ಲಿ ಹಾಗೆ ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿದ್ದು, ಬೆರಳಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಆ ಜಾಗದ ಮೇಲೆ ಭಾರ ಬಿಡಬೇಡಿ, ತಿಕ್ಕಬೇಡಿ. ಗಾಳಿ ತುಂಬಿದ ಉಂಗುರದ ದಿಂಬನ್ನು ಅಂಗಡಿಯವರು ಕೊಡುತ್ತಾರೆ, ಅದು ಸುತ್ತಲಿನ ರಕ್ತ ಸಂಚಾರವನ್ನೇ ಕಟ್ಟುತ್ತದೆ, ತರಬೇಡಿ.

ಟ್ಯೂಬಿನ ಊಟ: ಅಣ್ಣನ ತೂಕಕ್ಕೆ ದಿನಕ್ಕೆ 1500ರಿಂದ 1800 ಕ್ಯಾಲೊರಿ, 70ರಿಂದ 90 ಗ್ರಾಂ ಪ್ರೋಟೀನ್ ಬೇಕು. ಗಂಜಿ ತಿಳಿ, ಎಳನೀರು, ಜ್ಯೂಸ್ ಹಾಕಿ ಹೊಟ್ಟೆ ತುಂಬಿಸಿದರೆ ತಿಂಗಳಲ್ಲಿ ಪಕ್ಕೆಲುಬು ಕಾಣಿಸುತ್ತದೆ. ಡಯಟೀಷಿಯನ್ ಹತ್ತಿರ ಮನೆಯ ಪದಾರ್ಥದ ಲೆಕ್ಕ ಬರೆಸಿಕೊಳ್ಳಿ: ರಾಗಿ ಮಾಲ್ಟ್, ಹಾಲು, ಬೇಳೆ, ಮೊಟ್ಟೆ, ಎಣ್ಣೆ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಎರಡೂವರೆ ಗಂಟೆಗೊಮ್ಮೆ 250 ಮಿ.ಲೀ. ಕೊಟ್ಟರೆ ಏಳು ಸಲ ಆಗುತ್ತದೆ. ಮಿಕ್ಸಿ ಮಾಡಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಲೇಬೇಕು, ರಾಗಿಯ ಒಂದು ಗಂಟು ಸಾಕು ಟ್ಯೂಬ್ ಕಟ್ಟಲು.

ಕೊಡುವ ಮೊದಲು ತಲೆಯ ಭಾಗವನ್ನು 30–45 ಡಿಗ್ರಿಗೆ ಎತ್ತಿ. ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬಿನ ಮೇಲೆ ನರ್ಸ್ ಪೆನ್ನಿನಲ್ಲಿ ಮಾಡಿದ ಗುರುತು ಅದೇ ಜಾಗದಲ್ಲಿದೆಯೇ ನೋಡಿ. ಸಿರಿಂಜಿನಿಂದ ಎಳೆದ ರಸವನ್ನು ಪಿ.ಎಚ್. ಪಟ್ಟಿಯ (ಆಮ್ಲ ಅಳೆಯುವ ಕಾಗದ) ಮೇಲೆ ಹಾಕಿದರೆ 5.5 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಗಾಳಿ ಊದಿ ಹೊಟ್ಟೆಯಲ್ಲಿ ಸದ್ದು ಕೇಳುವ, ತುದಿಯನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುವ ಹಳೆ ಪದ್ಧತಿಗಳು ಮೋಸ ಮಾಡುತ್ತವೆ. 30 ಮಿ.ಲೀ. ನೀರು ಬಿಡಿ. 50 ಮಿ.ಲೀ. ಸಿರಿಂಜಿನ ದಂಡ ತೆಗೆದು, ಕೊಳವೆಯನ್ನು ಆಲಿಕೆಯ ಹಾಗೆ ತಲೆಗಿಂತ ಒಂದು ಗೇಣು ಮೇಲೆ ಹಿಡಿದು, ಊಟ ತಾನಾಗಿ ಇಳಿಯಲಿ. 15–20 ನಿಮಿಷ ಹಿಡಿಯಬೇಕು. ಕೈನೋವೆಂದು ದಂಡ ಹಾಕಿ ಒತ್ತಿದರೆ ವಾಂತಿ, ವಾಂತಿಯಿಂದ ಎದೆಗೆ ಸೋಂಕು. ಮತ್ತೆ 30 ಮಿ.ಲೀ. ನೀರು. ಆಮೇಲೆ ಒಂದು ಗಂಟೆ ಹಾಸಿಗೆ ಇಳಿಸಬೇಡಿ, ಮಗ್ಗುಲು ಬದಲಿಸುವುದನ್ನೂ ಡಯಪರ್ ಬದಲಿಸುವುದನ್ನೂ ಊಟಕ್ಕೆ ಮೊದಲೇ ಮುಗಿಸಿ.

ಮಾತ್ರೆ: ಒಂದೊಂದನ್ನೂ ಬೇರೆಬೇರೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬೇಕು, ಊಟದಲ್ಲಿ ಬೆರೆಸಬಾರದು. ಹೆಸರಿನ ಮುಂದೆ ‘ಎಸ್ಆರ್’, ‘ಸಿಆರ್’, ‘ಇಆರ್’ ಎಂದಿರುವ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಸಿರಪ್ ರೂಪ ಬರೆಸಿಕೊಳ್ಳಿ. ಫಿಟ್ಸಿನ ಮಾತ್ರೆ ಫೆನಿಟಾಯಿನ್ ಆಗಿದ್ದರೆ ಟ್ಯೂಬಿನ ಊಟಕ್ಕೂ ಅದಕ್ಕೂ ಮುಂದೆ ಹಿಂದೆ ಒಂದರಿಂದ ಎರಡು ಗಂಟೆ ಅಂತರ ಬೇಕು, ಇಲ್ಲವಾದರೆ ಊಟದ ಜೊತೆ ಸೇರಿ ರಕ್ತಕ್ಕೆ ಸರಿಯಾಗಿ ಇಳಿಯುವುದಿಲ್ಲ.

ಟ್ಯೂಬ್ ಕಿತ್ತು ಬಂದರೆ ಮನೆಯಲ್ಲಿ ಯಾರೂ ಮತ್ತೆ ಹಾಕಬಾರದು, ಪಕ್ಕದ ಬೀದಿಯ ಕಾಂಪೌಂಡರೂ ಸೇರಿ. ತಲೆಬುರುಡೆಯ ಬುಡದಲ್ಲಿ ಬಿರುಕಿದ್ದವರಲ್ಲಿ ಅದು ಹೋಗಬಾರದ ದಾರಿ ಹಿಡಿಯಬಹುದು.

ಇದನ್ನೆಲ್ಲ ಬರೆಯಲು ಒಂದು 200 ಪುಟದ ನೋಟ್‌ಬುಕ್ ಇಡಿ. ಸಮಯ, ಕೊಟ್ಟ ಊಟ, ಮಗ್ಗುಲು, ಮೂತ್ರ, ಮಲ, ಜ್ವರ, ಹೊಸದಾಗಿ ಏನು ಕಂಡಿತು. ಮೂವರು ಸರದಿಯಲ್ಲಿ ನೋಡಿಕೊಳ್ಳುವ ಮನೆಯಲ್ಲಿ ‘ನೀನು ಕೊಟ್ಟಿರ್ತೀಯಾ ಅಂದ್ಕೊಂಡೆ’ ಅನ್ನುವ ಮಾತಿನಿಂದ ಆಗುವ ಅನಾಹುತವೇ ಹೆಚ್ಚು.

ಪ್ರಶ್ನೆ: ತಂಗಿಗೆ ಟ್ಯೂಬ್ ಇದ್ದರೂ ಅಮ್ಮ ಗುಟ್ಟಾಗಿ ಚಮಚದಲ್ಲಿ ನೀರು, ಎಳನೀರು ಕುಡಿಸುತ್ತಾರೆ. ‘ಬಾಯಿ ಒಣಗುತ್ತೆ ಪಾಪ’ ಅನ್ನುತ್ತಾರೆ. ಕೆಮ್ಮೇನೂ ಬರುವುದಿಲ್ಲ. ಪರವಾಗಿಲ್ಲವೇ?

ಖಂಡಿತ ಬೇಡ, ನಿಲ್ಲಿಸಿ. ನುಂಗುವ ಶಕ್ತಿ ಕುಂದಿದವರಿಗೆ ನೀರಿನಷ್ಟು ಅಪಾಯದ್ದು ಇನ್ನೊಂದಿಲ್ಲ. ಗಂಟಲು ಮುಚ್ಚಿಕೊಳ್ಳುವ ಮೊದಲೇ ಅದು ಶ್ವಾಸನಾಳಕ್ಕೆ ಜಾರುತ್ತದೆ. ಕೆಮ್ಮು ಬಾರದಿರುವುದು ಸಮಾಧಾನದ ವಿಷಯವಲ್ಲ, ಗಂಟಲಿನ ಸ್ಪರ್ಶಜ್ಞಾನವೇ ಹೋಗಿದ್ದರೆ ಕೆಮ್ಮು ಬರುವುದಿಲ್ಲ. ಕುಡಿಸಿದ ಮೇಲೆ ದನಿ ಗೊರಗೊರ ಆಗುವುದು, ಕಣ್ಣಲ್ಲಿ ನೀರು, ಸಂಜೆ ಸಣ್ಣ ಜ್ವರ ಇವನ್ನು ಗಮನಿಸಿ.

ಅಮ್ಮನಿಗೆ ಬೇರೆ ಕೆಲಸ ಕೊಡಿ. ದಿನಕ್ಕೆ ಮೂರು ನಾಲ್ಕು ಸಲ ಗಾಜ್ ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಹಲ್ಲು, ನಾಲಿಗೆ, ಕೆನ್ನೆಯ ಒಳಭಾಗ ಒರೆಸಲಿ, ತುಟಿಗೆ ತುಪ್ಪ ಹಚ್ಚಲಿ. ಬಾಯಿ ಒಣಗುವುದಕ್ಕೆ ಮದ್ದು ಅದು. ಬಾಯಿ ಚೊಕ್ಕಟವಾದಷ್ಟೂ ಎದೆಯ ಸೋಂಕೂ ಕಡಿಮೆ.

ಬಾಯಿಂದ ಯಾವಾಗ ಕೊಡಬೇಕೆಂದು ಹೇಳಬೇಕಾದವರು ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡರಲ್ಲೂ ಇದ್ದಾರೆ. ಅವರು ಒಪ್ಪಿದ ಮೇಲೆ ಶುರುವಾಗುವುದು ಸಾಮಾನ್ಯವಾಗಿ ಮಂದ ಪದಾರ್ಥದಿಂದ: ಚಮಚ ಓರೆ ಮಾಡಿದರೆ ಸುರಿಯದೆ ಮುದ್ದೆಯಾಗಿ ಜಾರುವ ರಾಗಿ ಸರಿ, ಕಡೆದ ಗಟ್ಟಿ ಮೊಸರು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಟೀ ಚಮಚದ ಅರ್ಧ ಅಳತೆ. ಗಂಟಲಿನ ಗುಬುಟು ಏರಿ ಇಳಿದ ಮೇಲಷ್ಟೇ ಮುಂದಿನ ಚಮಚ. ತಿಳಿಸಾರು ಅನ್ನ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದೇ ಕಷ್ಟದ್ದು, ಅನ್ನವನ್ನು ಬಾಯಲ್ಲಿ ಹಿಡಿದಿರುವಷ್ಟರಲ್ಲಿ ಸಾರು ಗಂಟಲಿಗೆ ಹರಿದಿರುತ್ತದೆ. ಅವಲಕ್ಕಿ, ಉಪ್ಪಿಟ್ಟು ಉದುರುತ್ತವೆ. ಅಗಿಯದೆ ನುಂಗುವ ರಾಗಿಮುದ್ದೆ ಕಟ್ಟಕಡೆಗೆ.

ಪ್ರಶ್ನೆ: ಅಣ್ಣನ ಬಲಗೈ ಮೊಣಕೈಯಲ್ಲಿ ಮಡಚಿಕೊಂಡು ಬಿಗಿದಿದೆ. ಊರಿನಲ್ಲಿ ಎಣ್ಣೆ ಹಾಕಿ ಎಳೆದು ನೆಟ್ಟಗೆ ಮಾಡುವವರಿದ್ದಾರೆ. ಕರೆಸಬಹುದೇ?

ಎಣ್ಣೆ ಸವರಿದರೆ ತೊಂದರೆಯಿಲ್ಲ, ಎಳೆಯುವುದು ಬೇಡ. ತೀವ್ರ ತಲೆಪೆಟ್ಟಾದವರಲ್ಲಿ ಮೊಣಕೈ, ಸೊಂಟದ ಕೀಲಿನ ಸುತ್ತ ಮಾಂಸದೊಳಗೆ ಹೊಸ ಮೂಳೆ ಬೆಳೆಯುವುದುಂಟು. ಕೀಲು ಊದಿ, ಬಿಸಿಯಾಗಿ, ದಿನದಿಂದ ದಿನಕ್ಕೆ ಕಡಿಮೆ ಮಡಚುತ್ತಾ ಬಂದರೆ ಅದೇ ಇರಬಹುದು, ಎಕ್ಸ್‌ರೇ ಆಗಬೇಕು. ಅಂಥ ಕೀಲನ್ನು ಜಗ್ಗಿದರೆ ಇನ್ನಷ್ಟು ಕೆಡುತ್ತದೆ. ಒಂದು ಕಾಲಿನ ಮೀನಖಂಡ ಮಾತ್ರ ಊದಿದ್ದರೆ ಅಲ್ಲಿ ಎಣ್ಣೆ ತಿಕ್ಕುವುದೂ ಬೇಡ, ರಕ್ತ ಹೆಪ್ಪುಗಟ್ಟಿರಬಹುದು.

ಬಿಗಿತ ಇದ್ದಕ್ಕಿದ್ದಂತೆ ಹೆಚ್ಚಾದರೆ ಮೊದಲು ಬೇರೆ ಕಡೆ ನೋಡಿ: ಮೂರು ದಿನದಿಂದ ಮಲ ಆಗಿಲ್ಲವೇ, ಮೂತ್ರದ ಸೋಂಕೇ, ಉಗುರು ಒಳಗೆ ಬೆಳೆದಿದೆಯೇ, ಹುಣ್ಣಾಗಿದೆಯೇ. ಬಾಯಲ್ಲಿ ಹೇಳಲಾಗದ ನೋವನ್ನು ಸ್ನಾಯು ಹೇಳುತ್ತದೆ. ಹಿಗ್ಗಿಸುವುದು ನಿಧಾನಕ್ಕೆ, ಬಿಗಿ ಸಿಕ್ಕಲ್ಲಿ ನಿಲ್ಲಿಸಿ 30 ಸೆಕೆಂಡ್ ಹಿಡಿದು ಬಿಡಿ. ಸಾಲದಿದ್ದರೆ ಬ್ಯಾಕ್ಲೊಫೆನ್‌ನಂಥ ಮಾತ್ರೆ, ಸ್ಪ್ಲಿಂಟ್, ಬೊಟುಲಿನಮ್ ಇಂಜೆಕ್ಷನ್ (ಪರಿಣಾಮ ಸುಮಾರು ಮೂರು ತಿಂಗಳು) ಇವೆ. ಎತ್ತಿ ಕೂರಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ.

ಪ್ರಶ್ನೆ: ತಮ್ಮನ ತಲೆಬುರುಡೆಯ ಒಂದು ಚೂರು ತೆಗೆದು ಹೊಟ್ಟೆಯ ಚರ್ಮದಡಿ ಇಟ್ಟಿದ್ದಾರೆ. ನಾಲ್ಕು ತಿಂಗಳಾಯಿತು. ಚೆನ್ನಾಗಿ ನಡೆಯುತ್ತಿದ್ದವನು ಈಗ ಕಾಲು ಎಳೆಯುತ್ತಾನೆ, ಮೂತ್ರ ಗೊತ್ತಾಗುವುದಿಲ್ಲ, ಮಂಕಾಗಿದ್ದಾನೆ. ಮೂಳೆ ಹಾಕುವವರೆಗೆ ಕಾಯಬೇಕೇ?

ಕಾಯಬೇಡಿ, ಈ ವಾರವೇ ತೋರಿಸಿ. ಗಳಿಸಿದ್ದನ್ನು ಕಳೆದುಕೊಳ್ಳುವುದು ತಲೆಪೆಟ್ಟಿನ ಚೇತರಿಕೆಯ ಸಹಜ ದಾರಿಯಲ್ಲ. ನಡಿಗೆ, ಮೂತ್ರ, ಮಂಕು ಮೂರೂ ಒಟ್ಟಿಗೆ ಬಂದರೆ ಮೆದುಳಿನಲ್ಲಿ ನೀರು ತುಂಬಿರಬಹುದು. ಸ್ಕ್ಯಾನ್ ನೋಡಿ, ಆ ನೀರನ್ನು ಹೊಟ್ಟೆಗೆ ಹರಿಸುವ ಶಂಟ್ ನಳಿಕೆ ಹಾಕಿದರೆ ಕಳೆದದ್ದು ಮರಳುವ ಸಾಧ್ಯತೆ ಇದೆ. ಮೂಳೆಯಿಲ್ಲದ ಜಾಗ ಒಳಗೆ ಕುಸಿದಿದ್ದರೂ ಹೀಗಾಗುತ್ತದೆ. ಗುಂಡಿ ಬಿದ್ದಿದೆಯೇ, ಉಬ್ಬಿದೆಯೇ, ಕೂತಾಗ ಮಲಗಿದಾಗ ಹೇಗಿರುತ್ತದೆ, ಫೋಟೊ ತೆಗೆದು ಒಯ್ಯಿರಿ. ವಾಂತಿ, ಜೋರು ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ ಇದ್ದರೆ ವಾರ ಅಲ್ಲ, ಆ ಗಂಟೆಯೇ ಹೊರಡಬೇಕು. ಮೂಳೆ ಮರಳಿ ಕೂರಿಸುವುದು ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ. ಅಲ್ಲಿಯವರೆಗೆ ನಡೆಯುವಾಗ ಹೆಲ್ಮೆಟ್, ಮಲಗುವಾಗ ಆ ಬದಿ ಹಾಸಿಗೆಗೆ ಒತ್ತದೆ ಮೇಲ್ಮುಖವಾಗಿರಲಿ.

ಪ್ರಶ್ನೆ: ಅಕ್ಕನಿಗೆ ಪೆಟ್ಟಾಗಿ ಐದು ತಿಂಗಳು. ನಡೆಯುತ್ತಾಳೆ, ಮಾತಾಡುತ್ತಾಳೆ. ಆದರೆ ಮೆತ್ತಗಿದ್ದವಳು ಈಗ ಕೆಟ್ಟ ಮಾತು ಬೈಯುತ್ತಾಳೆ, ತಟ್ಟೆ ಎಸೆಯುತ್ತಾಳೆ. ‘ನನಗೇನಾಗಿದೆ, ಸ್ಕೂಟಿ ಕೀ ಕೊಡು, ಡ್ಯೂಟಿಗೆ ಹೋಗಬೇಕು’ ಅಂತ ದಿನಕ್ಕೆ ಇಪ್ಪತ್ತು ಸಲ. ಎಷ್ಟು ತಿಳಿಹೇಳಿದರೂ ಒಪ್ಪುವುದಿಲ್ಲ.

ತಿಳಿಹೇಳುವುದೇ ಇಲ್ಲಿ ತೊಡಕಾಗಿರುವುದು. ಹಣೆಯ ಹಿಂದಿನ ಮೆದುಳಿಗೆ ಪೆಟ್ಟಾದವರಿಗೆ ತಮ್ಮಲ್ಲಿ ಏನು ಕೆಟ್ಟಿದೆ ಎಂದು ಕಾಣುವ ಕಣ್ಣೇ ಕೆಟ್ಟಿರುತ್ತದೆ. ಹಟವಲ್ಲ ಅದು. ವಾದದಲ್ಲಿ ನೀವು ಗೆದ್ದರೂ ಹತ್ತು ನಿಮಿಷದಲ್ಲಿ ಅಕ್ಕ ವಾದ ಮರೆಯುತ್ತಾಳೆ, ಸಿಟ್ಟು ಮಾತ್ರ ಉಳಿಯುತ್ತದೆ.

ಮೊದಲು ಮಾತ್ರೆಯ ಚೀಟಿ ತೆಗೆದು ನೋಡಿ. ಫಿಟ್ಸಿಗೆ ಲೆವೆಟಿರಾಸಿಟಮ್ ನಡೆಯುತ್ತಿದೆಯೇ? ಸಿಡುಕು, ಕೋಪ ಅದರ ಗೊತ್ತಿರುವ ಅಡ್ಡಪರಿಣಾಮ. ಶುರು ಮಾಡಿದ ತಾರೀಖಿಗೂ ಕೋಪ ಏರಿದ್ದಕ್ಕೂ ತಾಳೆ ನೋಡಿ ಡಾಕ್ಟರಿಗೆ ಹೇಳಿ, ಬೇರೆ ಔಷಧ ಇದೆ. ನೀವಾಗಿ ನಿಲ್ಲಿಸಿದರೆ ಫಿಟ್ಸ್ ಸಾಲಾಗಿ ಬರಬಹುದು.

ಆಮೇಲೆ ಒಂದು ವಾರ ಬರೆದಿಡಿ: ಸಿಟ್ಟಿಗೆ ಮೊದಲಿನ ಹದಿನೈದು ನಿಮಿಷದಲ್ಲಿ ಏನಾಯಿತು, ಸಿಟ್ಟಿನಲ್ಲಿ ಏನು ಮಾಡಿದಳು, ಆಮೇಲೆ ನೀವೇನು ಮಾಡಿದಿರಿ. ಎಷ್ಟೋ ಮನೆಗಳಲ್ಲಿ ಇದು ಸಂಜೆ ನಾಲ್ಕರಿಂದ ಆರರ ನಡುವೆಯೇ ಸಿಗುತ್ತದೆ: ಮೆದುಳು ದಣಿದಿದೆ, ಕುಕ್ಕರ್ ಕೂಗುತ್ತಿದೆ, ಟಿ.ವಿ. ಇದೆ, ಯಾರೋ ನೋಡಲು ಬಂದಿದ್ದಾರೆ. ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ 45 ನಿಮಿಷ ಮಲಗಿಸಿ, ಬಂದವರನ್ನು ಒಮ್ಮೆಗೆ ಇಬ್ಬರಂತೆ ಹದಿನೈದು ನಿಮಿಷಕ್ಕೆ ಮಿತಿಗೊಳಿಸಿ. ಮಾತ್ರೆ ಹೆಚ್ಚಿಸದೆಯೇ ಅರ್ಧ ಸಿಟ್ಟು ಇಳಿಯುವುದನ್ನು ಕಾಣಬಹುದು.

ಕೀ ಕೇಳಿದಾಗ ‘ನಿನಗೆ ಆಗಲ್ಲ’ ಅನ್ನಬೇಡಿ. ‘ಸ್ಕೂಟಿ ಮಾರಿಬಿಟ್ವಿ’ ಎಂಬ ಸುಳ್ಳೂ ಬೇಡ, ಸಂಜೆ ಅಪ್ಪ ಬೇರೆ ಸುಳ್ಳು ಹೇಳಿರುತ್ತಾರೆ. ಮನೆಯವರೆಲ್ಲ ಒಂದೇ ಮಾತು ಇಟ್ಟುಕೊಳ್ಳಿ: ‘ಡ್ಯೂಟಿಗೆ ಹೋಗ್ಬೇಕು ಅನ್ಸೋದು ಸರಿ ಅಕ್ಕ. ಡಾಕ್ಟರು ಸಹಿ ಹಾಕಿದ ದಿನ ಕೀ ಕೊಡ್ತೀನಿ. ಬಾ, ಕಾಫಿ ಆರ್ತಿದೆ.’ ಮೊದಲು ಒಪ್ಪಿಗೆ, ಆಮೇಲೆ ಗಡಿ, ಕೊನೆಗೆ ಗಮನ ಬೇರೆಡೆಗೆ. ಹೇಳುತ್ತಲೇ ನೀವು ಎದ್ದು ನಡೆಯಿರಿ. ಹೊಡೆಯಲು ಬಂದರೆ ತೋಳು ಹಿಡಿಯದೆ ಎರಡು ಮಾರು ದೂರ ಸರಿದು, ಬಾಗಿಲಿನ ಕಡೆ ನೀವಿರಿ. ಕತ್ತಿ, ಕೀಲಿಕೈ ಕಣ್ಣಿಗೆ ಬೀಳದ ಜಾಗದಲ್ಲಿರಲಿ.

ಜ್ಞಾಪಕಕ್ಕೂ ಒಂದು ಮಾತು. ನೋಡಲು ಬಂದವರೆಲ್ಲ ‘ನಾನ್ಯಾರು ಹೇಳು ನೋಡೋಣ’ ಅನ್ನುತ್ತಾರೆ. ದಯವಿಟ್ಟು ನಿಲ್ಲಿಸಿ. ಜ್ಞಾಪಕ ಕೆಟ್ಟ ಮೆದುಳು ತಾನು ಕೊಟ್ಟ ತಪ್ಪು ಉತ್ತರವನ್ನೇ ಕಲಿತುಬಿಡುತ್ತದೆ. ‘ನಾನು ನಿನ್ನ ಚಿಕ್ಕ ತಂಗಿ, ಮೈಸೂರಿಂದ ಬಂದೆ’ ಎಂದು ಮೊದಲೇ ಹೇಳಿ. ಹೊಸದೇನಾದರೂ ಕಲಿಸಬೇಕಿದ್ದರೆ, ಉದಾಹರಣೆಗೆ ಮಾತ್ರೆ ಡಬ್ಬಿ ಎಲ್ಲಿದೆ ಎಂಬುದು, ಉತ್ತರ ಹೇಳಿಕೊಟ್ಟು 15 ಸೆಕೆಂಡಿಗೆ ಕೇಳಿ, ಸರಿ ಬಂದರೆ 30 ಸೆಕೆಂಡ್, ಒಂದು ನಿಮಿಷ, ಎರಡು, ನಾಲ್ಕು, ಎಂಟು. ತಪ್ಪಿದರೆ ಉತ್ತರ ಕೊಟ್ಟು ಹಿಂದಿನ ಅಂತರಕ್ಕೆ ಇಳಿಯಿರಿ.

ಪ್ರಶ್ನೆ: ತಮ್ಮನಿಗೆ ಫಿಟ್ಸ್ ಬಂದಾಗ ನೆರೆಯವರು ಕೈಗೆ ಕಬ್ಬಿಣದ ಕೀಗೊಂಚಲು ಕೊಟ್ಟರು, ಈರುಳ್ಳಿ ಮೂಸಿಸಿದರು. ಎರಡು ನಿಮಿಷದಲ್ಲಿ ನಿಂತಿತು.

ಏನೂ ಕೊಡದಿದ್ದರೂ ನಿಲ್ಲುತ್ತಿತ್ತು. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತವೆ, ಕಬ್ಬಿಣಕ್ಕೆ ಹೆಸರು ಬಂದದ್ದು ಹಾಗೆ. ಮಗ್ಗುಲಿಗೆ ಹೊರಳಿಸಿ, ತಲೆಯಡಿ ಬಟ್ಟೆ ಇಡಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಇನ್ನೊಂದು ಶುರುವಾದರೆ 108ಕ್ಕೆ ಕರೆ ಮಾಡಿ. ಬೈಕು, ಬಾವಿ, ಕೆರೆ, ಒಲೆಯ ಮುಂದಿನ ಒಂಟಿ ಕೆಲಸ ಇವುಗಳಿಂದ ಡಾಕ್ಟರು ಹೇಳುವವರೆಗೆ ದೂರ. ಮದ್ಯ ಪೂರ್ತಿ ಬಂದ್.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಅಣ್ಣ ಊರಿನಲ್ಲಿ ಹಾಸಿಗೆ ಹಿಡಿದಿದ್ದಾನೆ, ನೋಡಿಕೊಳ್ಳುವುದು ಅತ್ತಿಗೆ ಮತ್ತು ನನ್ನ ತಂಗಿ. ದುಡ್ಡು ಕಳಿಸುವುದು ಬಿಟ್ಟರೆ ಏನು ಮಾಡಲಿ?

ಕಾಗದಪತ್ರ ನೀವು ವಹಿಸಿಕೊಳ್ಳಿ. ಹಾಸಿಗೆ ಪಕ್ಕದಲ್ಲಿರುವವರಿಗೆ ಅದಕ್ಕೆ ಪುರುಸೊತ್ತಿರುವುದಿಲ್ಲ, ಮತ್ತು ಅದರಲ್ಲಿ ಕೆಲವಕ್ಕೆ ಗಡುವಿದೆ.

ರಸ್ತೆ ಅಪಘಾತವಾಗಿದ್ದರೆ ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಹಾಕಬೇಕೆಂದು 2022ರ ಏಪ್ರಿಲ್ 1ರಿಂದ ಕಾಯ್ದೆಯಲ್ಲಿದೆ. ಅವಧಿ ಮೀರಿದೆ ಎಂದು ನೀವೇ ತೀರ್ಮಾನಿಸಿ ಕೈಬಿಡಬೇಡಿ, ವಕೀಲರನ್ನು ಕೇಳಿ. ಎಫ್‌ಐಆರ್, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿ, ಒಂದೊಂದು ಮೆಡಿಕಲ್ ಬಿಲ್ಲನ್ನೂ ಸ್ಕ್ಯಾನ್ ಮಾಡಿಸಿ ತಾರೀಖಿನ ಪ್ರಕಾರ ಜೋಡಿಸಿ. ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಅಳಿಸಿಹೋಗುತ್ತದೆ. ಅವಸರದ ರಾಜಿ ಬೇಡ: ಮುಂದಿನ ಆಪರೇಷನ್, ಜೀವನಪರ್ಯಂತದ ಅಟೆಂಡರ್ ಖರ್ಚು ಲೆಕ್ಕಕ್ಕೆ ಬರಬೇಕು. ಮೆದುಳಿಗೆ ತೀವ್ರ ಪೆಟ್ಟಾದ ಬಾಲಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಅಟೆಂಡರ್ ಖರ್ಚನ್ನು ವಯಸ್ಸಿನ ಗುಣಕ (ವರ್ಷದ ಖರ್ಚನ್ನು ಎಷ್ಟರಿಂದ ಗುಣಿಸಬೇಕೆಂದು ವಯಸ್ಸು ನೋಡಿ ಹಿಡಿಯುವ ಸಂಖ್ಯೆ) ಹಾಕಿಯೇ ಲೆಕ್ಕ ಹಿಡಿಯಿತು. ಮನೆಯವರೇ ನೋಡಿಕೊಳ್ಳುವಾಗಲೂ ಎಷ್ಟು ಗಂಟೆ, ಏನು ಕೆಲಸ ಎಂದು ನೋಟ್‌ಬುಕ್ಕಿನಲ್ಲಿರಲಿ.

ಸ್ಥಿತಿ ಒಂದು ಹದಕ್ಕೆ ನಿಂತ ಮೇಲೆ ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿ. ಹಳೆ ತೆರಿಗೆ ಪದ್ಧತಿಯಲ್ಲಿ 80ಡಿಡಿ ಕಲಮಿನಡಿ ಸಿಗುತ್ತಾ ಬಂದಿರುವ ಕಡಿತ 75,000 ರೂಪಾಯಿ, ವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ. ಅವಲಂಬಿತರ ಪಟ್ಟಿಯಲ್ಲಿ ಅಣ್ಣ ತಮ್ಮ ಅಕ್ಕ ತಂಗಿಯರೂ ಇದ್ದಾರೆ, ಆದರೆ ಇದು ಭಾರತದ ನಿವಾಸಿಗಳಿಗೆ ಮಾತ್ರ. ಹಾಗಾಗಿ ನಿಮಗೆ ಬರದು. ಅಣ್ಣ ತಂಗಿಯ ಸಂಪಾದನೆಯ ಮೇಲೆ ಅವಲಂಬಿತನಾಗಿದ್ದರೆ ಆಕೆ ಕೇಳಬಹುದು. ಅಣ್ಣ ಸರ್ಕಾರಿ ನೌಕರನಾಗಿದ್ದರೆ, ಸೇವೆಯಲ್ಲಿರುವಾಗ ವೈಕಲ್ಯ ಬಂತೆಂದು ಕೆಲಸದಿಂದ ತೆಗೆಯುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4) ಅದು. ರಾಜೀನಾಮೆಗೆ ಹೆಬ್ಬೆಟ್ಟು ಒತ್ತಿಸಲು ಬಂದರೆ ಬೇಡವೆನ್ನಿ.

ಇನ್ನೊಂದು: ಭಾರತದ ರಾತ್ರಿ ಹತ್ತೂವರೆ ನಿಮಗೆ ಒಂಬತ್ತು. ಅತ್ತಿಗೆ ಮಾತಾಡಬೇಕೆನ್ನಿಸುವ ಹೊತ್ತದು. ಆ ಕರೆಯಲ್ಲಿ ‘ಫಿಸಿಯೊ ಮಾಡಿಸಿದ್ರಾ’ ಎಂದು ತಪಾಸಣೆ ಮಾಡಬೇಡಿ.

ಪ್ರಶ್ನೆ: ಒಂದೂವರೆ ವರ್ಷದಿಂದ ತಮ್ಮನನ್ನು ನೋಡಿಕೊಳ್ಳುತ್ತಿದ್ದೇನೆ. ಕೆಲಸ ಬಿಟ್ಟೆ. ಮದುವೆಯ ಮಾತು ನಿಂತಿದೆ. ಒಮ್ಮೊಮ್ಮೆ ಅವನು ಅಂದೇ ಹೋಗಿಬಿಟ್ಟಿದ್ದರೆ ಅನ್ನಿಸುತ್ತದೆ. ಇನ್ನೂ ಸುಧಾರಿಸುತ್ತಾನಾ?

ಆ ಯೋಚನೆ ಬಂದದ್ದಕ್ಕೆ ನೀವು ಕೆಟ್ಟವರಾಗುವುದಿಲ್ಲ. ದೀರ್ಘಕಾಲ ಆರೈಕೆ ಮಾಡಿದವರಲ್ಲಿ ಅದು ತೀರ ಸಾಮಾನ್ಯ, ಹೊರಗೆ ಯಾರೂ ಹೇಳುವುದಿಲ್ಲ ಅಷ್ಟೆ. ಆದರೆ ನಿಮ್ಮ ಜೀವವೇ ಬೇಡ ಎನಿಸಿದರೆ, ಅಥವಾ ಎರಡು ವಾರ ಒಂದೇ ಸಮ ನಿದ್ದೆ, ಊಟ ಬೇಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.

ಸುಧಾರಣೆ ಮೊದಲ ಆರು ತಿಂಗಳಲ್ಲಿ ಬೇಗ ನಡೆಯುತ್ತದೆ, ಎರಡು ವರ್ಷದವರೆಗೆ ನಿಧಾನಕ್ಕೆ ಸಾಗುತ್ತದೆ. ಆಮೇಲೂ ಪೂರ್ತಿ ನಿಲ್ಲುವುದಿಲ್ಲ, ಆದರೆ ಆಗ ಬದಲಾಗುವುದು ಹೆಚ್ಚಾಗಿ ಒಂದೊಂದು ಕೆಲಸ: ಶರ್ಟಿನ ಗುಂಡಿ ಹಾಕುವುದು, ಒಬ್ಬನೇ ಬಚ್ಚಲಿಗೆ ಹೋಗುವುದು. ಹಾಗಾಗಿ ‘ಸುಧಾರಿಸುತ್ತಾನಾ’ ಎಂದು ಕೇಳುವ ಬದಲು, ನಿಮ್ಮ ದಿನದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ಕೆಲಸ ಯಾವುದೆಂದು ನೋಡಿ, ಅದೊಂದನ್ನು ಮುಂದಿನ ಮೂರು ತಿಂಗಳ ಗುರಿಯಾಗಿ ಫಿಸಿಯೊದವರಿಗೆ, ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟಿಗೆ ಕೊಡಿ. ಹಾಸಿಗೆಯಿಂದ ಕುರ್ಚಿಗೆ ತಾನೇ ಸರಿಯಲು ಕಲಿತರೆ ನಿಮಗೆ ಹೊರಗಿನ ಕೆಲಸಕ್ಕೆ ಹೋಗಲು ದಾರಿಯಾಗಬಹುದು.

ಮನೆಯವರನ್ನೆಲ್ಲ ಕೂರಿಸಿ ‘ಸ್ವಲ್ಪ ಸಹಾಯ ಮಾಡಿ’ ಅಂದರೆ ಯಾರೂ ಬರುವುದಿಲ್ಲ. ‘ಚಿಕ್ಕಪ್ಪ, ಪ್ರತಿ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ನೀವು’ ಅಂದರೆ ಒಪ್ಪುತ್ತಾರೆ, ಅಥವಾ ಆಗಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ. ಮೊದಲ ಎರಡು ಭಾನುವಾರ ಅವರ ಜೊತೆ ನೀವೂ ಇದ್ದು, ನೋಟ್‌ಬುಕ್ ತೋರಿಸಿ, ಕೈಯಲ್ಲಿ ಮಾಡಿಸಿ. ಮೂರನೆಯ ಭಾನುವಾರ ಮೊಬೈಲ್ ಮಾತ್ರ ತೆಗೆದುಕೊಂಡು ಮನೆಯಿಂದ ಹೊರಗೆ ಹೋಗಿ.